ನರ್ಸಿಂಗ್ ಕಾಲೇಜು ಆರಿಸುವಾಗ ಮೊದಲು ಅದರ ಆಸ್ಪತ್ರೆ ನೋಡಿ

ನಿಮ್ಮ ತಂಗಿ ಮುಳಬಾಗಿಲಲ್ಲಿ ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ, ನರ್ಸ್ ಆಗಬೇಕು ಅಂತಾಳೆ. ಬೆಂಗಳೂರಿನ ಒಂದು ಕಾಲೇಜಿನಲ್ಲಿ ಸೀಟು ಕೊಡಿಸುತ್ತೇನೆ, ಈಗಲೇ ಅಡ್ವಾನ್ಸ್ ಕೊಡಿ ಅಂತ ಏಜೆಂಟ್ ಒಬ್ಬ ಮನೆಗೇ ಬಂದಿದ್ದಾನೆ. ಜಿಎನ್‌ಎಂ (ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ ಡಿಪ್ಲೊಮಾ) ಮಾಡಿಸಬೇಕಾ, ಬಿ.ಎಸ್ಸಿ. ನರ್ಸಿಂಗ್ ಮಾಡಿಸಬೇಕಾ, ಯಾವ ಕಾಲೇಜು ಒಳ್ಳೆಯದು, ರಿಜಿಸ್ಟರ್ಡ್ ನರ್ಸ್ ಆಗುವುದು ಹೇಗೆ ಅಂತ ಕೇಳಿದ್ದೀರಿ.

ನಾನು ಕೋಲಾರದವಳೇ. ಜಿಎನ್‌ಎಂ ಮುಗಿಸಿ ಕೆಲಸಕ್ಕೆ ಸೇರಿದೆ, ಆಮೇಲೆ ಜಿಎನ್‌ಎಂ ಆದವರಿಗೆ ಇರುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಿಕೊಂಡೆ. ಈಗ ವಾರ್ಡಿಗೆ ಪೋಸ್ಟಿಂಗ್ ಬರುವ ಹುಡುಗ ಹುಡುಗಿಯರಿಗೆ ಕೆಲಸ ತೋರಿಸಿಕೊಡುವುದೂ ನನ್ನ ಪಾಲಿಗೆ ಬಂದಿದೆ. ಯಾವ ಕಾಲೇಜು ಹೇಗೆ ಕಲಿಸುತ್ತದೆ ಅನ್ನುವುದು ವಾರ್ಡಿನಲ್ಲಿ ನಿಂತವರಿಗೆ ಬೇಗ ಗೊತ್ತಾಗುತ್ತದೆ. ಮೂರನೇ ವರ್ಷದ ಹುಡುಗಿ ಬಿಪಿ ನೋಡುವಾಗ ಕೈ ನಡುಗಿಸಿದರೆ ಅದು ಅವಳ ತಪ್ಪಲ್ಲ. ಅವಳನ್ನು ಅಷ್ಟು ದಿನ ರೋಗಿಯ ಹತ್ತಿರ ಯಾರೂ ಬಿಟ್ಟಿಲ್ಲ, ಅಷ್ಟೇ.

ಅದಕ್ಕೇ ಹೇಳುತ್ತೇನೆ, ಕಾಲೇಜಿನ ಕಟ್ಟಡ ನೋಡುವ ಮೊದಲು ಅದರ ಆಸ್ಪತ್ರೆ ನೋಡಿ. ಕೆಲವು ಕಾಲೇಜುಗಳಲ್ಲಿ ಗ್ರಾನೈಟ್ ನೆಲ, ಗಾಜಿನ ಬಾಗಿಲು, ಸ್ಮಾರ್ಟ್ ಕ್ಲಾಸ್ ಎಲ್ಲಾ ಇರುತ್ತದೆ, ಆದರೆ ಮಕ್ಕಳನ್ನು ಕಳಿಸುವುದಕ್ಕೆ ಸ್ವಂತ ಆಸ್ಪತ್ರೆಯೇ ಇರುವುದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡದಲ್ಲಿ ಬಿ.ಎಸ್ಸಿ. ಕಾಲೇಜಿಗೆ 100 ಹಾಸಿಗೆಯ ಪೇರೆಂಟ್ ಆಸ್ಪತ್ರೆ (ಕಾಲೇಜಿನದೇ ಆಸ್ಪತ್ರೆ) ಬೇಕು, ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳ ಲೆಕ್ಕ ಇರಬೇಕು ಅಂತಿದೆ. ಕಾಗದದಲ್ಲಿ ಇದೆಲ್ಲಾ ಸರಿಯಾಗೇ ಇರುತ್ತದೆ. ನೀವು ನೋಡಬೇಕಾದದ್ದು ಆ ಹಾಸಿಗೆಗಳ ಮೇಲೆ ರೋಗಿಗಳಿದ್ದಾರಾ ಅಂತ.

ಹೀಗೆ ಮಾಡಿ. ಕಾಲೇಜಿನವರು 'ನಮ್ಮ ಆಸ್ಪತ್ರೆ' ಅಂತ ಯಾವುದರ ಹೆಸರು ಹೇಳುತ್ತಾರೋ ಅಲ್ಲಿಗೆ ಒಂದು ದಿನ ಬೆಳಿಗ್ಗೆ ತಂಗಿಯನ್ನೂ ಕರೆದುಕೊಂಡು ಸುಮ್ನೆ ಹೋಗಿ. ಹೇಳಿ ಹೋಗಬೇಡಿ. ಬೆಳಗಿನ ಡ್ಯೂಟಿ ಹೊತ್ತಿನಲ್ಲಿ ಯೂನಿಫಾರ್ಮ್ ಹಾಕಿದ ಸ್ಟೂಡೆಂಟ್‌ಗಳು ಕಾಣಿಸಬೇಕು, ಜೊತೆಗೆ ಅವರಿಗೆ ಕಲಿಸುವ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಇರಬೇಕು. ಹೊರಗೆ ಕ್ಯಾಂಟೀನ್ ಹತ್ತಿರ ಇಬ್ಬರು ಹುಡುಗಿಯರು ಸಿಕ್ಕರೆ ಮಾತಾಡಿಸಿ. ಯಾವ ಯಾವ ವಾರ್ಡಿಗೆ ಪೋಸ್ಟಿಂಗ್ ಹಾಕುತ್ತಾರೆ, ಐವಿ ಲೈನ್ ಹಾಕುವುದನ್ನು ಯಾರು ಹೇಳಿಕೊಟ್ಟರು, ಲೇಬರ್ ವಾರ್ಡಿನಲ್ಲಿ ನೀವೇ ಹೆರಿಗೆ ಮಾಡಿಸಿದ್ದೀರಾ ಅಂತ ಕೇಳಿ. ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಸೂಲಗಿತ್ತಿ ಕೆಲಸವೂ ಈ ಕೋರ್ಸಿನ ಭಾಗ. ಮಾಡಿಸಿದ ಹೆರಿಗೆಗಳನ್ನೆಲ್ಲಾ ಕೇಸ್ ಬುಕ್ಕಿನಲ್ಲಿ ಬರೆಯಬೇಕು. ಹೆರಿಗೆಯೇ ಆಗದ ಆಸ್ಪತ್ರೆ ಇಟ್ಟುಕೊಂಡ ಕಾಲೇಜಿನಲ್ಲಿ ಸೀನಿಯರ್ ಬುಕ್ ನೋಡಿ ಕಾಪಿ ಹೊಡೆಯುತ್ತಾರೆ. ಪರೀಕ್ಷೆ ಪಾಸಾಗುತ್ತದೆ. ರಾತ್ರಿ ಡ್ಯೂಟಿಯಲ್ಲಿ ಒಬ್ಬಳೇ ಇದ್ದಾಗ ಮಗುವಿನ ತಲೆ ಕಾಣಿಸಿತು ಅಂದರೆ ಏನು ಮಾಡುತ್ತಾಳೆ?

ಈ ವಿಷಯದಲ್ಲಿ ನಮ್ಮ ಕೋಲಾರ ಕಡಿಮೆಯೇನಲ್ಲ. ಬೆಂಗಳೂರು ಅಂದ ಕೂಡಲೇ ಎಲ್ಲರೂ ಓಡುತ್ತಾರೆ, ಆದರೆ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಜಾಲಪ್ಪ ಆಸ್ಪತ್ರೆಯಂಥ ಕಡೆ ಬರುವ ಕೇಸುಗಳು ಕಾರ್ಪೊರೇಟ್ ಆಸ್ಪತ್ರೆಯ ಎಸಿ ವಾರ್ಡಿನಲ್ಲಿ ನೋಡುವುದಕ್ಕೆ ಸಿಗುವುದಿಲ್ಲ. ಹಾವು ಕಡಿತ, ತೋಟಕ್ಕೆ ಹೊಡೆಯುವ ಔಷಧಿ ಕುಡಿದವರು, ಹೈವೇ ಆಕ್ಸಿಡೆಂಟ್, ಎಂಟು ತಿಂಗಳಾದರೂ ಒಂದು ಸಲವೂ ಚೆಕಪ್ ಮಾಡಿಸದ ಬಸುರಿ. ಇದನ್ನೆಲ್ಲಾ ನೋಡಿ ಕಲಿತವಳು ಎಲ್ಲಿ ಹೋದರೂ ಬದುಕುತ್ತಾಳೆ. ಕಾರ್ಪೊರೇಟ್‌ನಲ್ಲಿ ಬೇರೆ ಕಷ್ಟ ಇದೆ. ದುಡ್ಡು ಕೊಟ್ಟು ಬಂದ ಪೇಷೆಂಟ್ ಸ್ಟೂಡೆಂಟ್ ಕೈಗೆ ತೋಳು ಕೊಡುವುದಿಲ್ಲ, ಹಾಗಾಗಿ ಮಕ್ಕಳು ನಿಂತು ನೋಡುವುದೇ ಜಾಸ್ತಿ. ಇನ್ನೊಂದು ಮಾತು, ಮುಳಬಾಗಿಲಿನವಳು ಅಂದರೆ ತಂಗಿಗೆ ತೆಲುಗು ಬರುತ್ತದೆ ಅಲ್ವಾ? ನಮ್ಮ ಕಡೆ ಅದೂ ಒಂದು ಬಂಡವಾಳ. ಶ್ರೀನಿವಾಸಪುರದ ಅಜ್ಜಿ ನೋವು ಎಲ್ಲಿ ಅಂತ ತೆಲುಗಿನಲ್ಲೇ ಹೇಳುವುದು. ಕೆಜಿಎಫ್ ಕಡೆಯವರಾದರೆ ತಮಿಳು.

ಜಿಎನ್‌ಎಂ, ಬಿ.ಎಸ್ಸಿ. ವಿಚಾರಕ್ಕೆ ಬರೋಣ. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ, ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಸೇರಬಹುದು. ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ. ಇದಕ್ಕೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯಲ್ಲಿ ಒಟ್ಟು ಶೇ. 45 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40. ಇಂಗ್ಲಿಷ್ ಪಾಸಾಗಿರಬೇಕು, ಆ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ತಂಗಿ ಸೈನ್ಸ್ ಓದುತ್ತಿದ್ದಾಳೆ, ಮನೆಯಲ್ಲಿ ನಾಲ್ಕು ವರ್ಷ ನಿಭಾಯಿಸಬಲ್ಲಿರಿ ಅಂದರೆ ಬಿ.ಎಸ್ಸಿ.ಗೇ ಸೇರಿಸಿ. ನನ್ನ ದಾರಿಯೂ ಇದೆ, ಜಿಎನ್‌ಎಂ ಮಾಡಿ ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್. ಮನೆಗೆ ಬೇಗ ಸಂಬಳ ಬೇಕಾದವರಿಗೆ ಅದು ಸರಿ. ಆದರೆ ಡ್ಯೂಟಿಯ ರುಚಿ ನೋಡಿದ ಮೇಲೆ ಮತ್ತೆ ಪುಸ್ತಕ ಹಿಡಿಯುವುದು ಸುಲಭವಲ್ಲ. ಮುಂದೆ ಕಮ್ಯುನಿಟಿ ಹೆಲ್ತ್ ಆಫೀಸರ್ ಹುದ್ದೆಗೂ ಬಿ.ಎಸ್ಸಿ.ಯವರನ್ನೇ ಕೇಳುತ್ತಾರೆ. ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿ.ಎಸ್ಸಿ. ಆದವರು ನೇರವಾಗಿ ಕೂರಬಹುದು, ಜಿಎನ್‌ಎಂನವರಿಗೆ ಎರಡು ವರ್ಷದ ಅನುಭವ ಬೇಕು. ಆ ಪರೀಕ್ಷೆಯಲ್ಲಿ ಆಯ್ಕೆಯಾದರೆ ಮೂಲ ವೇತನವೇ 44,900 ರೂಪಾಯಿಯಿಂದ ಶುರು. ನಮ್ಮ ಜಿಲ್ಲೆಯ ಹುಡುಗಿಯರು ಇದರ ಕಡೆ ಯಾಕೋ ಗಮನವೇ ಕೊಡುವುದಿಲ್ಲ.

ಕನ್ನಡ ಮೀಡಿಯಂನಲ್ಲಿ ಓದಿದ್ದಾಳೆ, ಕಷ್ಟವಾಗುತ್ತದಾ ಅಂತ ಭಯ ಇದ್ದರೆ, ಮೊದಲ ಆರು ತಿಂಗಳು ಆಗುತ್ತದೆ. ಅನಾಟಮಿ, ಫಿಸಿಯಾಲಜಿ ಎಲ್ಲಾ ಇಂಗ್ಲಿಷ್‌ನಲ್ಲೇ. ಪಾಸಾಗುವುದಕ್ಕೆ 35 ಸಾಲದು, ಥಿಯರಿ, ಪ್ರಾಕ್ಟಿಕಲ್ ಎರಡರಲ್ಲೂ ಬೇರೆ ಬೇರೆಯಾಗಿ ಶೇ. 50 ಬೇಕು. ಮೊದಲ ಪರೀಕ್ಷೆಯಲ್ಲಿ ಒಂದು ವಿಷಯ ಉಳಿದರೆ ಗಾಬರಿಯಾಗಿ ಮನೆಗೆ ಕರೆದುಕೊಂಡು ಬರಬೇಡಿ. ಎಷ್ಟೋ ಒಳ್ಳೆಯ ನರ್ಸ್‌ಗಳಿಗೆ ಅನಾಟಮಿ ಉಳಿದಿತ್ತು.

ರಿಜಿಸ್ಟ್ರೇಷನ್ ಬಗ್ಗೆ ಜನಕ್ಕೆ ತುಂಬಾ ಗೊಂದಲ. ಅಮೆರಿಕದಲ್ಲಿ ಇರುವ ಹಾಗೆ ಲೈಸೆನ್ಸಿಗೆ ಅಂತ ಬೇರೆ ಪರೀಕ್ಷೆ ನಮ್ಮಲ್ಲಿಲ್ಲ. ಕೋರ್ಸ್ ಪಾಸಾದ ಮೇಲೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆಗಲೇ ಆರ್‌ಎನ್, ಆರ್‌ಎಂ, ಅಂದರೆ ನರ್ಸ್ ಮತ್ತು ಮಿಡ್‌ವೈಫ್ ಎರಡೂ. ಈ ನೋಂದಣಿ ಇಲ್ಲದೆ ಮಾರ್ಕ್ಸ್ ಕಾರ್ಡ್ ತೋರಿಸಿದರೆ ಸರ್ಕಾರಿ ಕೆಲಸಕ್ಕೆ ಅರ್ಜಿಯನ್ನೂ ಹಾಕುವುದಕ್ಕಾಗುವುದಿಲ್ಲ. ಬೇರೆ ರಾಜ್ಯಕ್ಕೆ ಹೋದರೆ ಅಲ್ಲಿನ ಕೌನ್ಸಿಲ್‌ನಲ್ಲೂ ಮಾಡಿಸಬೇಕು. ಹಾಗಾಗಿ ಸೇರುವ ಮೊದಲೇ ಎರಡು ಪಟ್ಟಿ ನೋಡಿಕೊಳ್ಳಿ: ಆ ಕಾಲೇಜಿನ ಹೆಸರು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಇದೆಯಾ, ರಾಜ್ಯ ಕೌನ್ಸಿಲ್ ಪಟ್ಟಿಯಲ್ಲಿ ಇದೆಯಾ. ತಾನೇ ಪದವಿ ಕೊಡುವ ಡೀಮ್ಡ್ ಯೂನಿವರ್ಸಿಟಿಯ ಕಾಲೇಜಾದರೆ ಮೊದಲನೆಯದರಲ್ಲಿ ಇರದೇ ಇರಬಹುದು, ಎರಡನೆಯದು ಬೇಕೇ ಬೇಕು. ವಿದೇಶದ ಆಸೆ ಇದ್ದರೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯನ್ನೂ ನೋಡಿ.

ಇನ್ನು ಆ ಏಜೆಂಟ್. ಅಡ್ವಾನ್ಸ್ ಕೊಡಬೇಡಿ. ಒರಿಜಿನಲ್ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡನ್ನಂತೂ ಅವನ ಕೈಗೆ ಕೊಡಲೇಬೇಡಿ. ಕಾರ್ಡು ಒಂದು ಸಲ ಹೋದರೆ ಕಾಲೇಜು ಇಷ್ಟವಾಗದಿದ್ದರೂ ಬಿಟ್ಟು ಬರುವುದಕ್ಕಾಗದೆ ಕೂತವರನ್ನು ನಾನು ನೋಡಿದ್ದೇನೆ. ಅವನಿಗೆ ಕಾಲೇಜಿನಿಂದ ತಲೆಗೆ ಇಷ್ಟು ಅಂತ ಕಮಿಷನ್ ಬರುತ್ತದೆ, ಅದು ಕೊನೆಗೆ ನಿಮ್ಮ ಫೀಸಿನಲ್ಲೇ ಸೇರುತ್ತದೆ. 'ಕ್ಲಾಸಿಗೆ ಬರದಿದ್ದರೂ ನಡೆಯುತ್ತದೆ, ಪರೀಕ್ಷೆಗೆ ಬಂದರೆ ಸಾಕು' ಅಂದರೆ ಅಲ್ಲೇ ಮಾತು ಮುಗಿಸಿ ಕಳಿಸಿ. ಮ್ಯಾನೇಜ್‌ಮೆಂಟ್ ಸೀಟೇ ಬೇಕು ಅನ್ನುವ ಹಾಗಾದರೂ ನೀವೇ ನೇರವಾಗಿ ಕಾಲೇಜಿಗೆ ಹೋಗಿ. ಹಾಸ್ಟೆಲ್, ಯೂನಿಫಾರ್ಮ್, ಪರೀಕ್ಷಾ ಶುಲ್ಕ, ಪೋಸ್ಟಿಂಗ್‌ಗೆ ಹೋಗುವ ಬಸ್ಸು, ಎಲ್ಲಾ ಸೇರಿ ನಾಲ್ಕು ವರ್ಷಕ್ಕೆ ಎಷ್ಟು ಅಂತ ಬರೆಸಿಕೊಳ್ಳಿ. ಮೊದಲ ವರ್ಷ ಕಡಿಮೆ ಹೇಳಿ ಎರಡನೇ ವರ್ಷದಿಂದ ಏರಿಸುವವರಿದ್ದಾರೆ.

ಅದಕ್ಕಿಂತ ಮೊದಲು ಸಿಇಟಿಗೆ ಅರ್ಜಿ ಹಾಕಿಸಿ. ಬಿ.ಎಸ್ಸಿ. ನರ್ಸಿಂಗ್‌ನ ಸರ್ಕಾರಿ ಕೋಟಾ ಸೀಟುಗಳನ್ನು ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸಿಇಟಿ ಮೂಲಕವೇ ಹಂಚುತ್ತದೆ. ಖಾಸಗಿ ಕಾಲೇಜಿನಲ್ಲೂ ಆ ಸೀಟು ಸಿಕ್ಕರೆ ಫೀಸು ತುಂಬಾ ಕಡಿಮೆ. ತಂಗಿ ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡದಲ್ಲಿ ಓದಿದ್ದರೆ ಕನ್ನಡ ಮಾಧ್ಯಮದ ಮೀಸಲಾತಿ ಕೇಳಬಹುದು. ಅದಕ್ಕೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರಿಂದ ವ್ಯಾಸಂಗ ಪ್ರಮಾಣಪತ್ರ ತಂದು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಬೇಕು. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ. ಕೌನ್ಸೆಲಿಂಗ್ ಶುರುವಾದ ಮೇಲೆ ಬಿಇಒ ಆಫೀಸಿನ ಮುಂದೆ ದೊಡ್ಡ ಸಾಲು ಇರುತ್ತದೆ, ಈ ತಿಂಗಳೇ ಮಾಡಿಸಿಬಿಡಿ.