ಮಂದಕ ಬೇರೆ, ನಿಯಂತ್ರಣ ಸರಳು ಬೇರೆ

ಕೈಗಾ ಪರಮಾಣು ವಿದ್ಯುತ್ ಸ್ಥಾವರದ ಮಾದರಿ ಮಾಡುತ್ತಿರುವ ನಿಮ್ಮ ಹಾವೇರಿಯ ವಿದ್ಯಾರ್ಥಿಗಳು, ಭಾರಜಲವು (ಭಾರವಾದ ಹೈಡ್ರೋಜನ್ ಇರುವ ನೀರು) ವಿದಳನವನ್ನು, ಎಂದರೆ ಪರಮಾಣು ಬೀಜ ಒಡೆಯುವುದನ್ನು, ತಗ್ಗಿಸುತ್ತದೆ ಎಂದು ವಿವರಣೆಯ ಫಲಕಕ್ಕೆ ಬರೆಯುವುದಕ್ಕೆ, ನ್ಯೂಟ್ರಾನುಗಳನ್ನು ನಿಧಾನಗೊಳಿಸುವ ಮಂದಕವನ್ನೂ ಅವನ್ನು ಹೀರುವ ನಿಯಂತ್ರಣ ಸರಳನ್ನೂ ಒಂದೇ ಎಂದು ತಿಳಿದಿರುವುದೇ ಬಹುಶಃ ಕಾರಣ. ಮೊದಲು ಒಂದೇ ಒಂದು ವಿದಳನದ ಚಿತ್ರ ಬರೆಯಿಸಿರಿ: ನ್ಯೂಟ್ರಾನನ್ನು ಹೀರಿದ ಯುರೇನಿಯಂ-235 ಒಡೆದು, ಶಾಖದೊಡನೆ ಎರಡು ಮೂರು ವೇಗದ ನ್ಯೂಟ್ರಾನುಗಳನ್ನು ಹೊರಹಾಕುತ್ತದೆ. ಅನಂತರ ಮಂದಕವಾದ ಭಾರಜಲವನ್ನು ಸೇರಿಸಿರಿ. ಅದು ತಗ್ಗಿಸುವುದು ನ್ಯೂಟ್ರಾನುಗಳ ವೇಗವನ್ನು ಮಾತ್ರ. ನಿಧಾನವಾದ ನ್ಯೂಟ್ರಾನು ಇನ್ನೊಂದು ಯುರೇನಿಯಂ-235 ಅನ್ನು ಒಡೆಯುವ ಸಂಭವ ಬಹಳ ಹೆಚ್ಚು. ಹೀಗೆ ಒಂದು ವಿದಳನದಿಂದ ಇನ್ನೊಂದು ನಡೆಯುತ್ತಾ ಹೋಗುವುದೇ ಸರಪಳಿ ಕ್ರಿಯೆ. ಕೈಗಾದಲ್ಲಿ ಬಳಸುವ ನೈಸರ್ಗಿಕ ಯುರೇನಿಯಂನಲ್ಲಿ ಈ ಐಸೊಟೋಪು (ಯುರೇನಿಯಂನ ಈ ಬಗೆ) ಸುಮಾರು 0.7 ಪ್ರತಿಶತ ಮಾತ್ರ ಇರುವುದರಿಂದ, ನ್ಯೂಟ್ರಾನುಗಳನ್ನು ತೀರ ಕಡಿಮೆ ಹೀರುವ ಭಾರಜಲವೇ ಅಲ್ಲಿ ಬೇಕಾಗುತ್ತದೆ. ಸಾಮಾನ್ಯ ನೀರು ಸಾಲದು. ಕೊನೆಯಲ್ಲಿ ನಿಯಂತ್ರಣ ಸರಳಾಗಿ ಕ್ಯಾಡ್ಮಿಯಂ ಸರಳನ್ನು ತೋರಿಸಿ, ಅದು ನ್ಯೂಟ್ರಾನುಗಳನ್ನು ಹೀರಿಕೊಂಡು ಸರಪಳಿಯನ್ನು ಕಡಿಯುತ್ತದೆ ಎಂದು ವಿವರಿಸಿರಿ. ಬಳಿಕ, ಭಾರಜಲವನ್ನು ಹೊರಗೆ ಹರಿಸಿಬಿಟ್ಟರೆ ಏನಾಗುತ್ತದೆ ಎಂದು ಕೇಳಿರಿ. ಸರಪಳಿ ಕ್ರಿಯೆ ನಿಲ್ಲುತ್ತದೆ ಎಂಬ ಉತ್ತರ ಬಂದರೆ ಫಲಕವನ್ನು ಬರೆಯಿಸಬಹುದು.