ಊರಲ್ಲಿ ಅಮ್ಮನಿಗೆ ಲಕ್ವಾ, ಅಕ್ಕನ ಮಗಳಿಗೆ ಫಿಟ್ಸ್. ಬೆಂಗಳೂರಿನಿಂದ ನಾನು ಹೇಗೆ ನೋಡಿಕೊಳ್ಳಲಿ?

ಶಿರಹಟ್ಟಿ ತಾಲ್ಲೂಕಿನ ಹಳ್ಳಿಯಲ್ಲಿ ಅಮ್ಮ ಲಕ್ವಾ ಹೊಡೆದು ಮಲಗಿದ್ದಾರೆ, ಅಕ್ಕನ ಮಗಳಿಗೆ ಫಿಟ್ಸ್ ಬರುತ್ತದೆ, ಇಬ್ಬರನ್ನೂ ನೋಡಿಕೊಳ್ಳುವುದು ಅಕ್ಕ ಒಬ್ಬರೇ ಅಂತ ಬರೆದಿದ್ದೀರಿ. ಯಾವ ಆಸ್ಪತ್ರೆ ಒಳ್ಳೆಯದು ಅಂತ ಕೇಳಿದ್ದೀರಿ. ಅದನ್ನು ಆಮೇಲೆ ನೋಡೋಣ. ಮೊದಲು ಅಕ್ಕನಿಗೆ ಫೋನ್ ಮಾಡಿ, ಅವರ ಒಂದು ವಾರ ಹೇಗೆ ಕಳೆಯುತ್ತದೆ ಅಂತ ಕೇಳಿ ಬರೆದುಕೊಳ್ಳಿ. ಎಮ್ಮೆ ಹಿಂಡುವುದು ಎಷ್ಟೊತ್ತಿಗೆ, ಕೂಲಿ ಯಾವ ದಿನ, ಸಂತೆ ಯಾವ ವಾರ, ಬೆಳಗಿನ ಬಸ್ ಎಷ್ಟು ಗಂಟೆಗೆ, ತಿರುಗಿ ಬರುವ ಕೊನೇ ಬಸ್ ಯಾವುದು.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ನನ್ನ ತವರು ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಬದಿಯ ಸಣ್ಣ ಹಳ್ಳಿ. ನಾನಿರುವುದು ಹುಬ್ಬಳ್ಳಿಯಲ್ಲಿ. ಅಪ್ಪನಿಗೆ ಶುಗರ್, ಕಾಲಲ್ಲಿ ಮಾಯದ ಗಾಯ. ಅಣ್ಣನ ಮಗನಿಗೆ ಫಿಟ್ಸ್. ಅಣ್ಣ ದುಡಿಯಲು ಗೋವಾಕ್ಕೆ ಹೋಗಿದ್ದ, ಮನೆಯಲ್ಲಿ ವೈನಿ, ಅಂದರೆ ಅತ್ತಿಗೆ, ಒಬ್ಬರೇ. ಒಂದು ವರ್ಷ ಹೊಲದಲ್ಲಿ ಹೆಸರುಕಾಯಿ ಬಿಡಿಸುವ ಹೊತ್ತಿನಲ್ಲಿ ಹುಡುಗನ ಗುಳಿಗೆ ಮುಗಿದು ನಾಲ್ಕು ದಿನ ತಪ್ಪಿತು. ಶಾಲೆಯಲ್ಲೇ ಫಿಟ್ಸ್ ಬಂತು. ನಾನು ಫೋನಿನಲ್ಲಿ ವೈನಿಗೆ ಜೋರಾಗಿಯೇ ಬೈದೆ. ಅವರು ಏನೂ ಅನ್ನಲಿಲ್ಲ.

ಮುಂದಿನ ಭಾನುವಾರ ಊರಿಗೆ ಹೋದೆ. ವೈನಿ ಗೂಟಕ್ಕೆ ತೂಗು ಹಾಕಿದ್ದ ಬಟ್ಟೆ ಅಂಗಡಿಯ ಕೈಚೀಲ ತಂದು ನನ್ನ ಮುಂದೆ ಸುರಿದರು. ಅಪ್ಪನ ಚೀಟಿ, ಹುಡುಗನ ಚೀಟಿ, ರೇಷನ್ ಕಾರ್ಡ್ ಜೆರಾಕ್ಸ್, ಖಾಲಿ ಗುಳಿಗೆ ಪಟ್ಟಿ, ಎಲ್ಲ ಒಂದರಲ್ಲೇ. ಕೂತು ತಾರೀಖು ನೋಡಿದೆ. ದಿನ ಬಿಟ್ಟು ದಿನ ಊರಾಚೆ ದವಾಖಾನೆಯಲ್ಲಿ ಡ್ರೆಸ್ಸಿಂಗ್. ಶುಗರ್ ತೋರಿಸಲು ಮುಂಡರಗಿ. ಹುಡುಗನಿಗೆ ಧಾರವಾಡ. ಮೂರೂ ಕಡೆಯವರು ಅವರವರ ಲೆಕ್ಕದಲ್ಲಿ ಸರಿಯಾಗಿಯೇ ತಾರೀಖು ಕೊಟ್ಟಿದ್ದರು. ನಿನಗೆ ಯಾವ ದಿನ ಆಗುತ್ತದೆ ಅಂತ ವೈನಿಯನ್ನು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. "ಎಲ್ಲಾ ನಾನೊಬ್ಬಾಕೀನ ನೆನಪಿಟ್ಕೊಬೇಕಲ್ವಾ ತಂಗಿ" ಅಂದರು, ಅಷ್ಟೇ. ಬಸ್ ಹೆಂಗಸರಿಗೆ ಫ್ರೀ ಇದೆ, ನಿಜ. ಆದರೆ ಧಾರವಾಡಕ್ಕೆ ಹೋದ ದಿನದ ಕೂಲಿ ಯಾರು ಕೊಡುತ್ತಾರೆ?

ಆಮೇಲೆ ನಾವು ಮಾಡಿದ್ದು ದೊಡ್ಡದೇನಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಫೈಲ್ ತಂದೆವು. ಪ್ರತಿ ಚೀಟಿಯ ಫೋಟೋ ನನ್ನ ಫೋನಿಗೂ ಬರುತ್ತದೆ. ಅಪ್ಪನಿಗೆ ಓದಲು ಬರುವುದಿಲ್ಲ, ಅದಕ್ಕೆ ಗುಳಿಗೆ ಪಟ್ಟಿಯ ಹಿಂದೆ ಸ್ಕೆಚ್ ಪೆನ್ನಿನಲ್ಲಿ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ ಬರೆದೆವು. ಚಂದ್ರ ಬರೆದವನು ಹುಡುಗನೇ, ಹಾಗಾಗಿ ತಾತನಿಗೆ ನೆನಪಿಸುವ ಕೆಲಸ ತನ್ನದು ಅಂದುಕೊಂಡ. ಗುಳಿಗೆ ಇನ್ನು ಹತ್ತು ದಿನಕ್ಕೆ ಸಾಲುತ್ತದೆ ಅನ್ನುವಾಗಲೇ ವೈನಿ ನನಗೊಂದು ವಾಯ್ಸ್ ಮೆಸೇಜ್ ಹಾಕುತ್ತಾರೆ. ಧಾರವಾಡದಲ್ಲಿ ಡಾಕ್ಟರ್ ಹತ್ತಿರ ಮನೆಯ ಪರಿಸ್ಥಿತಿ ಬಿಡಿಸಿ ಹೇಳಿದೆವು. ಒಂದು ತಿಂಗಳ ಬದಲು ಎರಡು ತಿಂಗಳ ಗುಳಿಗೆ ಬರೆದುಕೊಟ್ಟರು. ಬಾಯಿಬಿಟ್ಟು ಕೇಳಬೇಕು, ಸುಮ್ನೆ ಕೂತರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ನಂಬರ್ ಇವತ್ತೇ ತೆಗೆದುಕೊಳ್ಳಿ. ಹಳ್ಳಿಗಳಲ್ಲಿ ಸುಮಾರು 1000 ಜನಕ್ಕೆ ಒಬ್ಬರು ಆಶಾ ಇರುತ್ತಾರೆ. ದವಾಖಾನೆಯಲ್ಲಿ ಡಾಕ್ಟರ್ ಯಾವತ್ತು ಇರುತ್ತಾರೆ, ಯಾವ ಗುಳಿಗೆ ಬಂದಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ. ಅವರಿಗೆ ಸಿಗುವ ದುಡ್ಡು ಕಮ್ಮಿ, ಓಡಾಟ ಜಾಸ್ತಿ. ಅವರ ಹತ್ತಿರ ಪ್ರೀತಿಯಿಂದ ಮಾತಾಡಿ. ಬಿಪಿ, ಶುಗರ್ ಮನೆಗೇ ಬಂದು ನೋಡುವ ಗೃಹ ಆರೋಗ್ಯ ಯೋಜನೆ ಇದೆ, ಅದರ ಬಗ್ಗೆಯೂ ಅವರನ್ನೇ ಕೇಳಿ.

ಈಗ ಆಸ್ಪತ್ರೆಯ ಮಾತು. ಫಿಟ್ಸ್‌ಗೆ ಧಾರವಾಡದ ಡಿಮ್ಹಾನ್ಸ್‌ನಲ್ಲಿ, ಅಂದರೆ ಮನಸ್ಸು ಮತ್ತು ನರಗಳ ಸರ್ಕಾರಿ ಆಸ್ಪತ್ರೆಯಲ್ಲಿ, ಒಮ್ಮೆ ಸರಿಯಾಗಿ ತೋರಿಸಿ. ಆಮೇಲೆ ಗುಳಿಗೆಯನ್ನು ಹತ್ತಿರದಲ್ಲೇ ಪಡೆಯಬಹುದಾ ಕೇಳಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯದ ಕ್ಲಿನಿಕ್ ನಡೆಸುತ್ತಾರೆ, ಅಲ್ಲಿ ವಿಚಾರಿಸಿ. ಅಮ್ಮನಿಗೆ ಗದಗದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಜಿಮ್ಸ್ ಹತ್ತಿರ, ಅಲ್ಲಿ ಆಗದಿದ್ದರೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ). ಫಿಸಿಯೋಥೆರಪಿಗೆ ದಿನಾ ಕರೆದೊಯ್ಯುವುದು ಆಗದ ಮಾತು. ಕೈಕಾಲು ಆಡಿಸುವುದನ್ನು, ಮಗ್ಗಲು ಬದಲಿಸುವುದನ್ನು ಅಕ್ಕನಿಗೆ ಕಲಿಸಿಕೊಡಿ ಅಂತ ಕೇಳಿ, ವಿಡಿಯೋ ಮಾಡಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ತುರ್ತು ಇದ್ದಾಗ ಬೇಡ.

ಎರಡು ಮಾತು ಊರಿನವರೆಲ್ಲರಿಗೂ ತಿಳಿದಿರಲಿ. ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುವುದು, ಬಾಯಲ್ಲಿ ಚಮಚ ತುರುಕುವುದು ಬೇಡ. ಮಗುವನ್ನು ಮಗ್ಗುಲಿಗೆ ಮಲಗಿಸಿ. ಐದು ನಿಮಿಷವಾದರೂ ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಗುಣವಾಯಿತು ಅಂದುಕೊಂಡು ಗುಳಿಗೆಯನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಖಂಡಿತ ಬೇಡ. ಅಮ್ಮನ ಬಿಪಿ ಗುಳಿಗೆಗೂ ಇದೇ ಮಾತು, ಯಾರು ಯಾವ ನಾಟಿ ಔಷಧ ಹೇಳಿದರೂ.

ಇನ್ನೊಂದು. ಅಮ್ಮನನ್ನು ತೋರಿಸಲು ಹೋದ ದಿನವೇ ಅಕ್ಕನ ಬಿಪಿಯನ್ನೂ ನೋಡಿಸಿ. ನಮ್ಮ ಅಪ್ಪನ ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್ ಒಂದು ದಿನ "ಬಾ ಇಲ್ಲಿ, ನಿಂದೂ ನೋಡೂಣು" ಅಂತ ವೈನಿಯ ತೋಳಿಗೆ ಪಟ್ಟಿ ಕಟ್ಟಿದರು. ತಲೆನೋವು ಬಿಸಿಲಿನದು ಅಂತ ವೈನಿ ಎರಡು ವರ್ಷದಿಂದ ಹೇಳುತ್ತಿದ್ದರು. ಬಿಪಿ 170 ದಾಟಿತ್ತು. ಈಗ ಮೂರನೇ ಫೈಲ್ ಅವರದು, ಹಸಿರು ಬಣ್ಣದ್ದು.