ಮುಳುಗಿದ ಹಳೆಯ ಹಡಗಿನ ಚಿನ್ನ ಹುಡುಕಿದವರಿಗೇ ಸೇರುತ್ತದೆಯೇ?

ಇಲ್ಲ. ಆನೆಗೊಂದಿಯ ಹೊಲದಲ್ಲಿ ನೇಗಿಲಿಗೆ ಹೊನ್ನಿನ ಗಡಿಗೆ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಸಿಕ್ಕವರದೇ ಸ್ವತ್ತು ಎಂಬುದು ಕಡಲಲ್ಲೂ ನಡೆಯದು.

ಮೊದಲು ನೋಡಬೇಕಾದದ್ದು ಹಡಗು ವ್ಯಾಪಾರಿಯದೋ, ಸರ್ಕಾರದ್ದೋ ಎಂಬುದನ್ನು. ವ್ಯಾಪಾರದ ಹಡಗಾದರೆ ಸರಕು ಮೇಲೆತ್ತಿದವರು ಸಾಮಾನ್ಯವಾಗಿ ಸಾಲ್ವೇಜ್ ಪ್ರತಿಫಲ, ಅಂದರೆ ಸರಕು ಉಳಿಸಿಕೊಟ್ಟದ್ದಕ್ಕೆ ಸಂಭಾವನೆ, ಕೇಳಬಹುದು. ಯುದ್ಧನೌಕೆಗೆ ಸಾರ್ವಭೌಮ ರಕ್ಷಣೆ ಇರುತ್ತದೆ, ಅಂದರೆ ಅದು ಮುಳುಗಿದರೂ ಅದರ ದೇಶದ್ದೇ. ಎರಡು ಶತಮಾನ ಕಳೆದರೂ ಆ ದೇಶದ ಹಕ್ಕು ತಾನಾಗಿ ಅಳಿಯದು.

ಮುಳುಗಿದ ಹಡಗು ಹುಡುಕುವ ಅಮೆರಿಕದ ಒಡಿಸ್ಸಿ ಕಂಪನಿ ಎಡವಿದ್ದು ಇಲ್ಲೇ. 1804ರಲ್ಲಿ ಮುಳುಗಿದ ಸ್ಪೇನಿನ ಯುದ್ಧನೌಕೆ ‘ಮರ್ಸಿಡಿಸ್’ನಿಂದ 2007ರಲ್ಲಿ ಸುಮಾರು 17 ಟನ್ ನಾಣ್ಯ ತೆಗೆಯಿತು. ಹಡಗು ವ್ಯಾಪಾರದ ಯಾನದಲ್ಲಿತ್ತು, ಸರಕು ಬಹುಪಾಲು ಖಾಸಗಿಯವರದು ಎಂದು ವಾದಿಸಿತು. ಬೆಳ್ಳಿ ನಮ್ಮ ನೆಲದ್ದೆಂದು ಪೆರು ಕೂಡ ಬಂತು (ಅದರಲ್ಲೂ ನ್ಯಾಯವಿತ್ತು ಅನ್ನಿ). ಅಮೆರಿಕದ ನ್ಯಾಯಾಲಯ ಹಡಗನ್ನೂ ಸರಕನ್ನೂ ಬೇರ್ಪಡಿಸಲಿಲ್ಲ. 2012ರಲ್ಲಿ ಬಹುತೇಕ ಎಲ್ಲವೂ ಸ್ಪೇನಿಗೆ ಹೋಯಿತು.